ಮನಸ್ಸಿಗೊಂದು ಹದ್ದುಬಸ್ತು

ಕಳೆದ ವರ್ಷ ಒಂದು ಶುಕ್ರವಾರ, ಊಟ ಮುಗಿಸಿ ಎಲ್ಲರೂ ತೂಕಡಿಸುವ ಹೊತ್ತಿನಲ್ಲಿ, ನನ್ನ ಮನಸ್ಸಿನ ಗಡಿಗೆ 72ಕ್ಕೆ 31 ಅಂಕ ಬಂತು.

ನಗಬೇಡಿ, ನಿಜವಾಗಿಯೂ ಬಂತು. ಆಫೀಸಿನ ದೊಡ್ಡ ಮೀಟಿಂಗ್ ರೂಮಿನಲ್ಲಿ ಎಚ್‌ಆರ್‌ನವರು ವರ್ಕ್‌ಶಾಪ್ ಇಟ್ಟಿದ್ದರು. ಹೊರಗಿನಿಂದ ಬಂದಿದ್ದ ಟ್ರೈನರ್ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಹದಿನೆಂಟು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕನಸಿನ ಗುಂಗು ಎದ್ದ ಮೇಲೂ ಉಳಿಯುತ್ತಾ? ಬೇರೆಯವರ ನೋವು ನಿಮ್ಮದೇ ಅನ್ನಿಸುತ್ತಾ? ಎಲ್ಲ ವಸ್ತುವೂ ಅದರದ್ದೇ ಜಾಗದಲ್ಲಿ ಇರಬೇಕಾ? ಹೀಗೆ. ಕೊನೆಗೆ ಕೂಡಿಸಿ. ಅಂಕ ಜಾಸ್ತಿ ಬಂದಷ್ಟೂ ನಿಮ್ಮ ಮನಸ್ಸಿನ ಗಡಿ ತೆಳು, ಕಡಿಮೆ ಬಂದಷ್ಟೂ ದಪ್ಪ. ನನ್ನದು ದಪ್ಪದ ಕಡೆಗಿತ್ತು. ಯಾಕೋ ಖುಷಿಯಾಯಿತು. ಪಿಯುಸಿ ರಿಸಲ್ಟ್ ಬಂದಾಗ ಆದ ಹಾಗೆ.

ನಮ್ಮ ಟೀಮಿನ ಒಬ್ಬ ಹುಡುಗಿಗೆ 58 ಬಂತು. ಟೆಸ್ಟಿಂಗ್‌ನಲ್ಲಿ ನನ್ನ ಕೈಕೆಳಗೆ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದವಳು. ಟ್ರೈನರ್ ಹಾಳೆ ನೋಡಿ, ‘ತುಂಬಾ ತೆಳು ಇದೆ, ಸ್ವಲ್ಪ ಗಟ್ಟಿ ಮಾಡ್ಕೊಳ್ಳಿ’ ಅಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಎರಡು ತಿಂಗಳಾದ ಮೇಲೆ ಅಪ್ರೈಸಲ್ ಬಂತು. ಆನ್‌ಕಾಲ್ ಲೀಡ್ ಜಾಗಕ್ಕೆ ಅವಳ ಹೆಸರು ಬಂದಾಗ ಮ್ಯಾನೇಜರ್, ‘ಆ ಹುಡುಗಿ ಕಣ್ಣೀರು ಹಾಕ್ತಾಳೆ ಮಾರಾಯ, ಗಡಿ ತೆಳು ಅಲ್ವಾ ಅವಳದ್ದು’ ಅಂದರು. ಫೀಡ್‌ಬ್ಯಾಕ್ ಫಾರ್ಮ್ ತುಂಬುವುದು ನನ್ನ ಕೆಲಸ. ತುಂಬಿದೆ. ‘ಭಾವನಾತ್ಮಕ ಗಡಿ ತೆಳುವಾಗಿದೆ, ಈ ಜವಾಬ್ದಾರಿಗೆ ಇನ್ನೂ ಸಿದ್ಧರಿಲ್ಲ’ ಅಂತ ನನ್ನ ಕೈಯಾರೆ ಟೈಪ್ ಮಾಡಿದೆ. ಆ ಸಾಲು ಬರೆಯುವಾಗ ನನ್ನ ಕೈ ನಡುಗಲಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಫಾರ್ಮ್ ಓದಿದ ಮೇಲೆ ಅವಳು ನನ್ನ ಡೆಸ್ಕ್ ಹತ್ತಿರ ಬಂದಳು. ಜಗಳ ಆಡಲಿಲ್ಲ. ‘ನನ್ನ ಗಡಿ ಅಳೆದ್ರಿ, ಸರಿ. ರಾತ್ರಿ ಹತ್ತು ಗಂಟೆ ಆದ್ಮೇಲೆ ನಂಗೆ ಎಷ್ಟು ಕಾಲ್ ಬಂದಿವೆ ಅಂತ ಯಾರಾದ್ರೂ ಅಳೆದ್ರಾ?’ ಅಂತ ಕೇಳಿ ಹೋದಳು.

ಅವತ್ತು ರಾತ್ರಿ ಮನೆಯಲ್ಲಿ ಕೂತು ಲಾಗ್ ತೆಗೆದು ನೋಡಿದೆ. ಆರು ವಾರದಲ್ಲಿ ರಾತ್ರಿ ಹತ್ತರ ನಂತರ ನಮ್ಮ ಟೀಮಿಗೆ ಬಂದ ಕರೆ 41. ಅದರಲ್ಲಿ 29 ಅವಳಿಗೆ. ರೋಟಾ ಪ್ರಕಾರ ಅವಳ ಪಾಲಿಗೆ ಬರಬೇಕಿದ್ದದ್ದು ಹತ್ತು. ಉಳಿದ ಹತ್ತೊಂಬತ್ತು? ಬೇರೆಯವರು ಫೋನ್ ಎತ್ತಲಿಲ್ಲ, ಅವಳು ಎತ್ತಿದಳು. ಆ ಬೇರೆಯವರಲ್ಲಿ ನಾನೂ ಇದ್ದೆ. ನನ್ನ 31ರ ದಪ್ಪ ಗಡಿಯ ಗುಟ್ಟು ಇಷ್ಟೇ ಸ್ವಾಮಿ. ನಾನು ಫೋನ್ ಸೈಲೆಂಟ್ ಇಟ್ಟು ಮಲಗುತ್ತಿದ್ದೆ.

ಹಾಗಾಗಿ ಈ ಬರಹ ಅರ್ಧ ತಪ್ಪೊಪ್ಪಿಗೆ, ಅರ್ಧ ಜಗಳ. ತಪ್ಪೊಪ್ಪಿಗೆ ಆಯಿತು. ಇನ್ನು ಜಗಳ.

ಮೊದಲು ಈ ಅಳತೆಗೋಲು ಎಲ್ಲಿಂದ ಬಂತು ನೋಡೋಣ, ಯಾಕಂದ್ರೆ ಇದನ್ನು ಮಾಡಿದ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಎರ್ನೆಸ್ಟ್ ಹಾರ್ಟ್‌ಮನ್ ಅಂತ ಹೆಸರು. 1934ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಅಪ್ಪ ಹೈಂಜ್ ಹಾರ್ಟ್‌ಮನ್ ಫ್ರಾಯ್ಡ್ ಪರಂಪರೆಯ ದೊಡ್ಡ ಮನೋವಿಶ್ಲೇಷಕ. ಮಗ ಅಮೆರಿಕದ ಬಾಸ್ಟನ್ ಕಡೆ ಮನೋವೈದ್ಯರಾಗಿ, ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿ, ನಿದ್ದೆ ಮತ್ತು ಕನಸಿನ ಮೇಲೆ ಜೀವಮಾನವಿಡೀ ಕೆಲಸ ಮಾಡಿದರು. 2013ರಲ್ಲಿ ತೀರಿಕೊಂಡರು.

ಅವರ ಮೂಲ ಪ್ರಶ್ನೆ ಗಡಿಯದ್ದಲ್ಲ, ಕೆಟ್ಟ ಕನಸಿನದ್ದು. ಕೆಲವರಿಗೆ ಚಿಕ್ಕಂದಿನಿಂದ ಇಳಿವಯಸ್ಸಿನ ತನಕ ದುಃಸ್ವಪ್ನ ಬೀಳುತ್ತಲೇ ಇರುತ್ತದಲ್ಲ, ಅವರು ಎಂಥವರು? ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅಂಥವರನ್ನು ಕರೆಸಿ ಮಾತಾಡಿಸಿದರು. ಬಂದವರಲ್ಲಿ ಕಲೆ, ಸಂಗೀತ, ಬರವಣಿಗೆ ಅಂತ ತೊಡಗಿಕೊಂಡವರು ಬಹಳ ಮಂದಿ. ಬೇಗ ನೋಯುವವರು, ಬೇಗ ಹತ್ತಿರವಾಗುವವರು, ಸಣ್ಣ ಸದ್ದಿಗೂ ಬೆಚ್ಚುವವರು. ಎಲ್ಲರಿಗೂ ಬಾಲ್ಯದಲ್ಲಿ ದೊಡ್ಡ ಆಘಾತ ಆಗಿತ್ತು ಅನ್ನುವಂತೆಯೂ ಇರಲಿಲ್ಲ. ಇವರ ಮನಸ್ಸಿನೊಳಗೆ ಒಂದು ಕೋಣೆಗೂ ಇನ್ನೊಂದು ಕೋಣೆಗೂ ನಡುವಿನ ಗೋಡೆ ತೆಳು ಅಂತ ಹಾರ್ಟ್‌ಮನ್‌ಗೆ ತೋಚಿತು. ಕನಸಿಗೂ ಎಚ್ಚರಕ್ಕೂ ನಡುವಿನ ಗೋಡೆ, ಯೋಚನೆಗೂ ಭಾವನೆಗೂ ನಡುವಿನದ್ದು, ನಾನು ಮತ್ತು ನೀನು ಎಂಬುದರ ನಡುವಿನದ್ದು. 1984ರಲ್ಲಿ ದುಃಸ್ವಪ್ನದ ಬಗ್ಗೆ ಪುಸ್ತಕ ಬಂತು, 1991ರಲ್ಲಿ ಮನಸ್ಸಿನ ಗಡಿಗಳ ಬಗ್ಗೆಯೇ ಇನ್ನೊಂದು. ಈ ಎರಡರ ನಡುವೆ ಸಿದ್ಧವಾದದ್ದೇ ಬೌಂಡರಿ ಕ್ವೆಶ್ಚನೇರ್. 140ಕ್ಕೂ ಹೆಚ್ಚು ಪ್ರಶ್ನೆ, 12 ವಿಭಾಗ. ನಮಗೆ ಹಂಚಿದ ಹದಿನೆಂಟರ ಹಾಳೆಗೆ ಮೂಲ, 1997ರ ಹೊತ್ತಿಗೆ ಬಂದ ಅದರ ಚಿಕ್ಕ ರೂಪ.

ಕಲಾ ವಿದ್ಯಾರ್ಥಿಗಳು ತೆಳುವಿನ ಕಡೆ ಬಂದರು, ನೌಕಾಪಡೆಯ ಅಧಿಕಾರಿಗಳು ದಪ್ಪದ ಕಡೆ. ಇದರಲ್ಲಿ ಒಂದು ಚೆಂದ ಇದೆ. ಗುಂಪು ಗುಂಪನ್ನು ಹೋಲಿಸಿ, ಮನುಷ್ಯರು ಎಷ್ಟು ಬಗೆ ಅಂತ ತಿಳಿದುಕೊಳ್ಳುವ ಕುತೂಹಲ ಅದು. ಮತ್ತೆ ಹಾರ್ಟ್‌ಮನ್ ಒಂದು ಮಾತನ್ನು ಬಿಡದೆ ಹೇಳುತ್ತಿದ್ದರು. ತೆಳು ಅನ್ನೋದು ಕಾಯಿಲೆಯಲ್ಲ, ದಪ್ಪ ಅನ್ನೋದು ಆರೋಗ್ಯವಲ್ಲ. ಎರಡಕ್ಕೂ ಅದರದರ ಲಾಭ ಉಂಟು, ಅದರದರ ನಷ್ಟ ಉಂಟು. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ.

ಈಗ ನಮ್ಮ ಮೀಟಿಂಗ್ ರೂಮಿಗೆ ವಾಪಸ್ ಬನ್ನಿ. ‘ಸ್ವಲ್ಪ ಗಟ್ಟಿ ಮಾಡ್ಕೊಳ್ಳಿ.’ ಯಾವ ಅಳತೆಗೋಲು ಮಾಡಿದವನು ಎರಡು ತುದಿಯೂ ಸರಿ ಅಂದನೋ, ಅದೇ ಅಳತೆಗೋಲನ್ನು ಹಿಡಿದು ಒಂದು ತುದಿಗೆ ಪಾಸ್, ಇನ್ನೊಂದು ತುದಿಗೆ ಫೇಲ್ ಕೊಟ್ಟೆವು. ಅಂಗಡಿಗೆ ಹೋಗಿ ಎತ್ತರ ಅಳೆಸಿಕೊಂಡು ಬಂದವನಿಗೆ ‘ಐದಡಿ ಮೂರಿಂಚಾ? ಸ್ವಲ್ಪ ಸುಧಾರಿಸ್ಕೋ’ ಅಂದ ಹಾಗೆ.

ಇದಕ್ಕಿಂತ ಮಜಾ ಇನ್ನೊಂದಿದೆ. 1994ರಲ್ಲಿ ರಾಬರ್ಟ್ ಮೆಕ್‌ಕ್ರೇ ಅನ್ನುವ ವ್ಯಕ್ತಿತ್ವ ಮನಶ್ಶಾಸ್ತ್ರಜ್ಞ ಈ ಗಡಿಯ ಅಂಕವನ್ನು ತಮ್ಮ ‘ಬಿಗ್ ಫೈವ್’ ಗುಣಗಳ ಜೊತೆ ಇಟ್ಟು ನೋಡಿದರು. ಐದು ಗುಣಗಳಲ್ಲಿ ಒಂದು, ಹೊಸ ಅನುಭವಕ್ಕೆ ತೆರೆದುಕೊಳ್ಳುವ ಗುಣ. ಓಪನ್‌ನೆಸ್ ಅಂತಾರಲ್ಲ, ಅದು. ತೆಳು ಗಡಿಗೂ ಈ ಓಪನ್‌ನೆಸ್‌ಗೂ ಕೋರಿಲೇಷನ್ 0.73 ಬಂತು. ಮನಶ್ಶಾಸ್ತ್ರದಲ್ಲಿ ಇದು ಸಣ್ಣ ಸಂಖ್ಯೆ ಅಲ್ಲ. ವರ್ಗ ಮಾಡಿ ನೋಡಿ, 0.53. ಅಂದ್ರೆ ಎರಡೂ ಅಳತೆಗಳು ಅರ್ಧಕ್ಕಿಂತ ಹೆಚ್ಚು ಪಾಲು ಒಂದೇ ಸಂಗತಿಯನ್ನು ಅಳೆಯುತ್ತಿವೆ.

ಇದರ ಅರ್ಥ ಏನು ಗೊತ್ತಾ? ಅದೇ ಹುಡುಗಿಗೆ ಆ ಶುಕ್ರವಾರ ಗಡಿಯ ಹಾಳೆಯ ಬದಲು ಓಪನ್‌ನೆಸ್ ಹಾಳೆ ಕೊಟ್ಟಿದ್ದರೆ, ಬಹುಶಃ ಅವಳಿಗೆ ಅಲ್ಲೂ ಜಾಸ್ತಿ ಅಂಕ ಬರುತ್ತಿತ್ತು. ಆಗ ನಾನು ಫಾರ್ಮಿನಲ್ಲಿ ಏನು ಬರೆಯುತ್ತಿದ್ದೆ? ‘ಹೊಸತಕ್ಕೆ ತೆರೆದ ಮನಸ್ಸು, ಇನ್ನೊವೇಟಿವ್, ಗ್ರಾಹಕರ ಕಷ್ಟ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.’ ಮನುಷ್ಯಳು ಅದೇ, ಮನಸ್ಸು ಅದೇ. ಹಾಳೆಯ ಹಣೆಪಟ್ಟಿ ಬದಲಾದರೆ ದೌರ್ಬಲ್ಯದ ಕಾಲಮ್ಮಿನಿಂದ ಸಾಮರ್ಥ್ಯದ ಕಾಲಮ್ಮಿಗೆ ಜಿಗಿಯುತ್ತಾಳೆ. ವಿಜ್ಞಾನ ಅಂತ ನಾವು ತಲೆಬಾಗಿದ್ದು ಒಂದು ಪದದ ಆಯ್ಕೆಗೆ.

‘ಆಯ್ತು, ಹೆಸರು ಬಿಡಿ, ಅಂಕ ಅಂತೂ ಅಂಕವೇ ತಾನೆ’ ಅನ್ನುವವರಿಗೆ ನಮ್ಮಜ್ಜಿಯ ಕಥೆ ಹೇಳಬೇಕು.

ನಮ್ಮಜ್ಜಿ ಬೇರೆ ಊರಿನ ಹೆಣ ಹೋಗುತ್ತಿದ್ದರೂ ಜಗಲಿ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸು. ಕರು ಕಳಕೊಂಡ ಹಸು ಕೂಗಿದರೆ ಅವತ್ತು ಊಟ ಬಿಡುತ್ತಿದ್ದಳು. ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತ ನಂಬಿ, ಎದ್ದ ತಕ್ಷಣ ಮನೆಮಂದಿಗೆಲ್ಲ ಹೇಳುತ್ತಿದ್ದಳು. ಪಕ್ಕದ ಮನೆಯ ಮಕ್ಕಳಿಗೂ ನಮಗೂ ಅವಳ ಮಡಿಲಲ್ಲಿ ವ್ಯತ್ಯಾಸ ಇರಲಿಲ್ಲ. ಹಾರ್ಟ್‌ಮನ್ ಪ್ರಶ್ನಾವಳಿಯ ಈ ಭಾಗಗಳಲ್ಲಿ ಅಜ್ಜಿಗೆ ನಾಲ್ಕಕ್ಕೆ ನಾಲ್ಕು.

ಅದೇ ಅಜ್ಜಿ, ನಮ್ಮ ಗದ್ದೆಯಲ್ಲಿ ನಾಟಿ ಮಾಡಲು ಕೇರಿಯಿಂದ ಬರುತ್ತಿದ್ದ ಹೆಂಗಸರು ನೀರು ಕೇಳಿದರೆ ಎತ್ತರದಿಂದ ಬೊಗಸೆಗೆ ಸುರಿಯುತ್ತಿದ್ದಳು. ಚೊಂಬು ಅವರ ಕೈಗೆ ತಾಗುತ್ತಿರಲಿಲ್ಲ. ಹೊಸ್ತಿಲು ದಾಟಿ ಅವರು ಒಮ್ಮೆಯೂ ಒಳಗೆ ಬರಲಿಲ್ಲ. ಅವರ ಮಕ್ಕಳು ನನ್ನ ಕ್ಲಾಸ್‌ಮೇಟುಗಳು. ಅವರಿಗೆ ಕಾಫಿ ಕೊಡುತ್ತಿದ್ದ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿತ್ತು.

ಈಗ ಹೇಳಿ, ನಮ್ಮಜ್ಜಿಯ ಗಡಿ ತೆಳುವೋ ದಪ್ಪವೋ? ಹಾರ್ಟ್‌ಮನ್ ಪ್ರಶ್ನಾವಳಿಯಲ್ಲಿ ಕನಸಿನ ವಿಭಾಗವೂ ಇದೆ, ಜನಾಂಗ, ಗುಂಪು, ದೇಶಗಳ ಬಗೆಗಿನ ಅಭಿಪ್ರಾಯದ ವಿಭಾಗವೂ ಇದೆ. ಎಲ್ಲವನ್ನೂ ಕೂಡಿಸಿ ಕೊನೆಗೆ ಒಂದು ಮೊತ್ತ. ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಸೊನ್ನೆ, ಅಜ್ಜಿ ‘ಮಧ್ಯಮ ದಪ್ಪ’. ಆ ಮಧ್ಯಮದಲ್ಲಿ ಅವಳ ಕಣ್ಣೀರೂ ಕಾಣುವುದಿಲ್ಲ, ಆ ಲೋಟವೂ ಕಾಣುವುದಿಲ್ಲ. ಒಂದು ಸರ್ವರ್ ಬೆಂಕಿಯಷ್ಟು ಬಿಸಿ, ಪಕ್ಕದ್ದು ಸತ್ತು ತಣ್ಣಗಾಗಿದೆ, ಸರಾಸರಿ ತಾಪಮಾನ ನಾರ್ಮಲ್ ಅಂತ ರಿಪೋರ್ಟ್ ಕೊಟ್ಟರೆ ನಮ್ಮಲ್ಲಿ ಯಾವ ಎಂಜಿನಿಯರ್ ಒಪ್ಪುತ್ತಾನೆ?

ಮೈಸೂರಿನಲ್ಲಿ ಹುಟ್ಟಿ ಶಿಕಾಗೊದಲ್ಲಿ ಪಾಠ ಮಾಡಿದ ಎ.ಕೆ. ರಾಮಾನುಜನ್ 1989ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು, ಭಾರತೀಯರ ಯೋಚನಾ ಕ್ರಮ ಅಂತ ಒಂದು ಇದೆಯೇ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ. ಅದರಲ್ಲಿ ಅವರ ವಾದ, ನಮ್ಮಲ್ಲಿ ನಿಯಮಗಳು ಸಂದರ್ಭವನ್ನು ಹಿಡಿದು ನಡೆಯುತ್ತವೆ ಅಂತ. ಯಾರು, ಯಾರಿಗೆ, ಎಲ್ಲಿ, ಯಾವಾಗ ಅನ್ನೋದನ್ನು ತೆಗೆದುಹಾಕಿದರೆ ನಿಯಮವೇ ಉಳಿಯುವುದಿಲ್ಲ. ‘ನೀವು ಬೇರೆಯವರ ಜೊತೆ ಬೇಗ ಬೆರೆಯುತ್ತೀರಾ?’ ಅಂತ ಕೇಳಿದರೆ ನಮ್ಮಜ್ಜಿ ಮೊದಲು ಕೇಳುವುದು ‘ಯಾರ ಜೊತೆ?’ ಅಂತ. ಹಾಳೆಯಲ್ಲಿ ಆ ಪ್ರಶ್ನೆಗೆ ಜಾಗ ಇಲ್ಲ.

ಇದು ನಮ್ಮ ದೇಶದವರ ತಕರಾರು ಮಾತ್ರ ಅಂತ ತಿಳಿಯಬೇಡಿ. 1968ರಲ್ಲೇ ವಾಲ್ಟರ್ ಮಿಷೆಲ್ ಅಮೆರಿಕದ ವ್ಯಕ್ತಿತ್ವ ಮನಶ್ಶಾಸ್ತ್ರದ ಬುಡಕ್ಕೇ ಕೈ ಹಾಕಿದ್ದರು. ಪ್ರಶ್ನಾವಳಿ ಹೇಳುವ ಗುಣಕ್ಕೂ, ಒಂದು ನಿರ್ದಿಷ್ಟ ಸಂದರ್ಭದಲ್ಲಿ ಆ ಮನುಷ್ಯ ನಡೆದುಕೊಳ್ಳುವುದಕ್ಕೂ ಇರುವ ಕೋರಿಲೇಷನ್ 0.30 ದಾಟುವುದು ಅಪರೂಪ ಅಂತ ತೋರಿಸಿದರು. ವರ್ಗ ಮಾಡಿದರೆ 0.09. ನೂರರಲ್ಲಿ ಒಂಬತ್ತು ಪಾಲು. ಆಮೇಲೆ ಬಂದವರು ಉತ್ತರ ಕೊಟ್ಟರು ಅನ್ನೋದೂ ಸತ್ಯ. ಒಂದು ಸಲದ ನಡವಳಿಕೆ ಬಿಡಿ, ಹಲವು ಸಂದರ್ಭಗಳ ಸರಾಸರಿ ತೆಗೆದರೆ ಗುಣಗಳು ಎದ್ದು ಕಾಣುತ್ತವೆ ಅಂತ. ಒಪ್ಪುತ್ತೇನೆ. ಆದರೆ ಅಪ್ರೈಸಲ್ ಕೇಳುವ ಪ್ರಶ್ನೆ ಯಾವುದು? ‘ಈ ಒಬ್ಬಳು, ಈ ಒಂದು ಕೆಲಸದಲ್ಲಿ, ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಏನು ಮಾಡುತ್ತಾಳೆ?’ ಹದಿನೆಂಟು ಪ್ರಶ್ನೆಯ ಹಾಳೆಗೆ ಆ ಉತ್ತರ ಕೊಡುವ ತಾಕತ್ತಿಲ್ಲ. ಮತ್ತೆ ಉತ್ತರ ನಮ್ಮ ಬಳಿಯೇ ಇತ್ತಲ್ಲ! ಇಪ್ಪತ್ತೊಂಬತ್ತು ಸಲ ಅವಳು ಎದ್ದು ಸರಿ ಮಾಡಿದ್ದು ಲಾಗ್‌ನಲ್ಲಿತ್ತು. ಕಣ್ಣೆದುರಿನ ದಾಖಲೆ ಬಿಟ್ಟು ಹಾಳೆಯ ಜ್ಯೋತಿಷ್ಯ ನಂಬಿದೆವು. ಬೆಳಿಗ್ಗೆ ಟಿವಿಯಲ್ಲಿ ರಾಶಿಫಲ ನೋಡುವವರನ್ನು ನೋಡಿ ನಗುವ ಜನ ನಾವು.

ಇನ್ನು ಮುಖ್ಯವಾದ ಮಾತು. ಇದಕ್ಕೆ ನಾನು ನಮ್ಮ ಹೊಲಕ್ಕೆ ಹೋಗಬೇಕು.

ಹದ್ದುಬಸ್ತು ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿಮ್ಮ ಜಮೀನಿನ ಎಲ್ಲೆ ಎಲ್ಲಿದೆ ಅಂತ ಸರ್ಕಾರದಿಂದ ಅಳೆಸಿ ಗುರುತು ಮಾಡಿಸಿಕೊಳ್ಳೋದು. ನಮ್ಮ ಹೊಲಕ್ಕೂ ದಾಯಾದಿಗಳ ಹೊಲಕ್ಕೂ ನಡುವೆ ಒಂದು ಬದು ಇತ್ತು. ನಾನು ಚಿಕ್ಕವನಿದ್ದಾಗ ಅದರ ಮೇಲೆ ಸೈಕಲ್ ತಳ್ಳಿಕೊಂಡು ಹೋಗಬಹುದಿತ್ತು. ಪ್ರತಿ ಉಳುಮೆಗೂ ಆ ಕಡೆಯಿಂದ ಒಂದೊಂದು ಸಾಲು ಬದುವನ್ನು ತಿನ್ನುತ್ತಾ ಬಂತು. ನಾನು ಬಿಇ ಸೇರುವ ಹೊತ್ತಿಗೆ ಬದು ಹಗ್ಗದಷ್ಟಾಗಿತ್ತು, ಒಬ್ಬರು ನಡೆಯಲೂ ಕಷ್ಟ. ಅಪ್ಪ ಜಗಳದ ಮನುಷ್ಯ ಅಲ್ಲ. ಕೊನೆಗೆ ತಾಲ್ಲೂಕು ಕಚೇರಿಗೆ ಹೋಗಿ ಹದ್ದುಬಸ್ತಿಗೆ ಅರ್ಜಿ ಹಾಕಿ ಫೀಸು ಕಟ್ಟಿ ಬಂದರು.

ಸರ್ವೆಯವರು ಬಂದು ಅಳೆಯುವ ಮೊದಲು ಏನಾಯಿತು ಗೊತ್ತಾ? ಅಕ್ಕಪಕ್ಕದ ಹೊಲದವರಿಗೆಲ್ಲ ನೋಟಿಸ್ ಹೋಯಿತು. ಇಂಥ ದಿನ ಇಂಥ ಸರ್ವೆ ನಂಬರಿನ ಗಡಿ ಅಳೆಯುತ್ತೇವೆ, ಹಾಜರಿರಿ ಅಂತ. ಯಾಕೆ? ಗಡಿ ಒಬ್ಬನದ್ದಲ್ಲ. ನಮ್ಮ ಹೊಲದ ಅಂಚೇ ಅವರ ಹೊಲದ ಅಂಚು. ಒಬ್ಬನನ್ನೇ ನಿಲ್ಲಿಸಿ ಅಳೆದ ಗಡಿಯನ್ನು ಯಾರೂ ಒಪ್ಪುವುದಿಲ್ಲ. ಆ ದಿನ ಎಲ್ಲರೂ ಬಂದರು. ಹಳೇ ಟಿಪ್ಪಣಿ ತೆಗೆದು, ಸರಪಳಿ ಎಳೆದು, ಹೂತುಹೋಗಿದ್ದ ಬಾಂದು ಕಲ್ಲನ್ನು ಹುಡುಕಿದರು. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ. ನಮ್ಮದು ಹತ್ತಿರ ಹತ್ತಿರ ಒಂದು ಗುಂಟೆ ಆ ಕಡೆಗೆ ಹೋಗಿತ್ತು. ಮಹಜರು ಬರೆದು ಎಲ್ಲರ ಸಹಿ ಹಾಕಿಸಿದರು.

ಆವತ್ತು ಸರ್ವೆಯವರು ಅಪ್ಪನ ಹೆಗಲ ಮೇಲೆ ಕೈ ಇಟ್ಟು, ‘ನೋಡಿ ಯಜಮಾನ್ರೇ, ನಿಮ್ಮ ಬದು ಸ್ವಭಾವತಃ ತೆಳು. ನೀವು ಸ್ವಲ್ಪ ಧ್ಯಾನ ಮಾಡಿ ಗಟ್ಟಿ ಮಾಡ್ಕೊಳ್ಳಿ’ ಅಂತ ಹೇಳಲಿಲ್ಲ. ತೆಳುವಾದ ಬದು ನೋಡಿದ ತಕ್ಷಣ ಹಳ್ಳಿಯಲ್ಲಿ ಯಾರೇ ಆದರೂ ಕೇಳುವ ಮೊದಲ ಪ್ರಶ್ನೆ, ಒತ್ತಿದವರು ಯಾರು ಅಂತ. ಎಸಿ ರೂಮಿನಲ್ಲಿ ಕೂತ ನಮಗೆ ಮಾತ್ರ ಆ ಪ್ರಶ್ನೆ ಹೊಳೆಯುವುದಿಲ್ಲ.

ಮೋಸ ಎಲ್ಲಿದೆ ಅಂದರೆ, ಗಡಿ ಎಂಬ ಒಂದೇ ಪದದಲ್ಲಿ ಎರಡು ಸಂಗತಿ ಸೇರಿಕೊಂಡಿವೆ. ಹಾರ್ಟ್‌ಮನ್ ಅಳೆಯಲು ಹೊರಟದ್ದು ಮನಸ್ಸಿನೊಳಗಿನ ಕೋಣೆಗಳ ಗೋಡೆಯನ್ನು. ರಾತ್ರಿ ಹನ್ನೊಂದಕ್ಕೆ ಬರುವ ‘ಒಂದೈದು ನಿಮಿಷ ಇದ್ದೀರಾ?’ ಎಂಬ ಮೆಸೇಜು ಒಡೆಯುವುದು ಮನೆಯ ಹೊರಗಿನ ಬೇಲಿಯನ್ನು. ಕನಸು ನೆನಪಿರುವುದಕ್ಕೂ ಶನಿವಾರ ರಜೆ ಸಿಗದೇ ಇರುವುದಕ್ಕೂ ಏನು ಸಂಬಂಧ? ಆದರೆ ಎರಡಕ್ಕೂ ಬೌಂಡರಿ ಅಂತಲೇ ಹೆಸರಿಟ್ಟರೆ ಕೆಲಸ ಸುಲಭ. ಬೇಲಿ ಮುರಿದವನನ್ನು ಬಿಟ್ಟು, ಮನೆಯೊಳಗಿನವನ ಗೋಡೆ ತಟ್ಟಿ ನೋಡಿ, ‘ಸಮಸ್ಯೆ ಇಲ್ಲಿದೆ’ ಅನ್ನಬಹುದು. ವರ್ಕ್‌ಶಾಪಿನ ಖರ್ಚು ಒಂದು ಮಧ್ಯಾಹ್ನದ್ದು. ಇನ್ನಿಬ್ಬರನ್ನು ಕೆಲಸಕ್ಕೆ ತಗೊಂಡು ರೋಟಾ ಸರಿ ಮಾಡುವ ಖರ್ಚು ವರ್ಷವಿಡೀ. ಎಚ್‌ಆರ್ ಯಾವುದನ್ನು ಆರಿಸುತ್ತೆ ಅಂತ ಊಹಿಸಲು ಬಿಇ ಬೇಕಾಗಿಲ್ಲ.

ಹೊರಗಿನ ಬೇಲಿಯನ್ನು ಬೇಲಿಯ ಹಾಗೆಯೇ ನೋಡುವ ದೇಶಗಳಿವೆ. ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಕೆಲಸದ ಹೊತ್ತು ಮುಗಿದ ಮೇಲೆ ಫೋನು ಮೇಲುಗಳಿಂದ ಬಿಡಿಸಿಕೊಳ್ಳುವ ಹಕ್ಕಿನ ಬಗ್ಗೆ ದೊಡ್ಡ ಕಂಪನಿಗಳು ನೌಕರರ ಪ್ರತಿನಿಧಿಗಳ ಜೊತೆ ಮಾತುಕತೆ ನಡೆಸಲೇಬೇಕು ಅಂತ ಕಾನೂನಿದೆ. ಅಲ್ಲಿ ಎಲ್ಲವೂ ಸರಿಹೋಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಪಕ್ಕದ ಹೊಲದವನನ್ನೂ ಕರೆದು ಕೂರಿಸುತ್ತಾರೆ. ನಮ್ಮಲ್ಲಿ? ಕೆಲಸದ ಷರತ್ತುಗಳನ್ನು ಬರೆದಿಡಬೇಕು ಅನ್ನುತ್ತಿದ್ದ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ ಜಾರಿಯಲ್ಲಿದ್ದಾಗ, ಅದರಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಕೆಲವು ಷರತ್ತು ಹಾಕಿ ಮತ್ತೆ ಮತ್ತೆ ವಿನಾಯಿತಿ ಕೊಡುತ್ತಾ ಬಂದಿತ್ತು. ಬಾಂದು ಕಲ್ಲೇ ನೆಡದ ಜಾಗದಲ್ಲಿ ಒತ್ತುವರಿ ಅಂತ ಯಾರನ್ನು ಕೇಳೋದು? ಆದ್ದರಿಂದಲೇ ನಮ್ಮಲ್ಲಿ ಮನಸ್ಸಿನ ಗಡಿ ಅಳೆಯುವ ವರ್ಕ್‌ಶಾಪುಗಳಿಗೆ ಇಷ್ಟು ಗಿರಾಕಿ.

ಇಷ್ಟು ಹೇಳಿದರೆ ಎರಡು ಕಡೆಯಿಂದ ಕಲ್ಲು ಬೀಳುತ್ತೆ, ಗೊತ್ತು.

ಮೊದಲನೆಯವರು ನಮ್ಮ ಸಂಸ್ಕೃತಿ ಪ್ರಿಯರು. ‘ಗಡಿ ಗಿಡಿ ಎಲ್ಲ ಪಾಶ್ಚಾತ್ಯರ ರೋಗ. ನಮ್ಮದು ಕೂಡುಕುಟುಂಬ, ನಮಗೆ ನಾನು ನೀನು ಅನ್ನೋ ಭೇದವೇ ಇಲ್ಲ’ ಅನ್ನುವವರು. ಹಾರ್ಟ್‌ಮನ್ ಪುಸ್ತಕ ಬಂದ 1991ರಲ್ಲೇ ಹೇಜಲ್ ಮಾರ್ಕಸ್ ಮತ್ತು ಶಿನೋಬು ಕಿಟಯಾಮ ಒಂದು ಹೆಸರಾಂತ ಪ್ರಬಂಧ ಬರೆದರು. ಕೆಲವು ಸಮಾಜಗಳಲ್ಲಿ ‘ನಾನು’ ಎಂಬುದು ಉಳಿದವರಿಂದ ಬೇರೆಯಾಗಿ ನಿಂತ ವೃತ್ತ, ಇನ್ನು ಕೆಲವು ಸಮಾಜಗಳಲ್ಲಿ ಅದು ಅಮ್ಮ, ಅಪ್ಪ, ಗೆಳೆಯರ ವೃತ್ತಗಳ ಜೊತೆ ಅಲ್ಲಲ್ಲಿ ಬೆರೆತ ವೃತ್ತ ಅಂತ ಚಿತ್ರ ಬರೆದು ತೋರಿಸಿದರು. ನಮ್ಮದು ಎರಡನೆಯ ಥರದ್ದು ಅಂತ ಹೆಮ್ಮೆಪಡುವವರು ಬಹಳ. ಪಡಲಿ. ಆದರೆ ಯಾರ ವೃತ್ತದ ಜೊತೆ ಬೆರೆಯಿತು, ಯಾರ ವೃತ್ತವನ್ನು ಹಿತ್ತಲ ಗೂಡಿನಲ್ಲಿ ಇಟ್ಟಿತು ಅಂತಲೂ ಹೇಳಿ. ಗಡಿಯೇ ಇಲ್ಲದ ಊರಿನಲ್ಲಿ ಆ ಲೋಟ ಯಾಕೆ ಬೇರೆ ಇತ್ತು? ಮತ್ತೆ ಈ ‘ನಾವೆಲ್ಲ ಒಂದೇ ಫ್ಯಾಮಿಲಿ’ ಅನ್ನುವ ಮಾತನ್ನು ನಾನು ಅತಿ ಹೆಚ್ಚು ಕೇಳಿದ್ದು ಯಾವುದೇ ಮನೆಯಲ್ಲಲ್ಲ, ವೀಕೆಂಡ್ ರಿಲೀಸ್‌ಗೆ ಮುಂಚಿನ ಟೀಮ್ ಮೀಟಿಂಗಿನಲ್ಲಿ.

ಎರಡನೆಯವರು ನನ್ನಂಥ ಎಂಜಿನಿಯರುಗಳು. ‘ಹಾಗಾದ್ರೆ ಅಳೆಯೋದೇ ಬೇಡ್ವಾ? ಅಳೆಯದೇ ಸುಧಾರಿಸೋದು ಹೇಗೆ?’ ಅನ್ನುವವರು. ಅಳೆಯಿರಿ ಸ್ವಾಮಿ, ಧಾರಾಳವಾಗಿ ಅಳೆಯಿರಿ. ಅಳತೆಯ ಅನ್ನ ತಿನ್ನುವವನು ನಾನು. ದುಃಸ್ವಪ್ನದಿಂದ ನರಳುವವರು ಎಂಥವರು ಅಂತ ತಿಳಿಯಲು ಒಬ್ಬ ವೈದ್ಯ ಅಳೆದರೆ ಅದಕ್ಕೊಂದು ಅರ್ಥವಿದೆ. ನೀವೇ ರಾತ್ರಿ ಒಬ್ಬರೇ ಕೂತು ಆ ಪ್ರಶ್ನೆಗಳಿಗೆ ಉತ್ತರ ಬರೆದು, ‘ಓ, ಇದಕ್ಕೇ ನಂಗೆ ಸಣ್ಣ ಮಾತೂ ನಾಟುತ್ತೆ’ ಅಂತ ಸಮಾಧಾನ ಪಟ್ಟುಕೊಂಡರೆ ಅದೂ ಒಳ್ಳೆಯದೇ. ಇಷ್ಟು ವರ್ಷ ತನ್ನಲ್ಲೇ ಏನೋ ಐಬಿದೆ ಅಂದುಕೊಂಡವರಿಗೆ, ಇದು ಮನುಷ್ಯರಲ್ಲಿರುವ ಒಂದು ಬಗೆ ಅಷ್ಟೇ ಅಂತ ಗೊತ್ತಾಗೋದು ಸಣ್ಣ ಉಪಕಾರವಲ್ಲ. ಅದೇ ಅಂಕ ಸಂಬಳ ಕೊಡುವವನ ಕೈಗೆ ಹೋದ ಕ್ಷಣ ಉಪಕಾರದ ಮಾತು ಮುಗಿಯಿತು. ಆಮೇಲೆ ಅದು ನಿಮ್ಮ ವಿರುದ್ಧದ ದಾಖಲೆ.

ಹಾಗಾಗಿ ಮುಂದಿನ ಸಲ ನಿಮ್ಮ ಮುಂದೆ ಇಂಥ ಹಾಳೆ ಬಂದರೆ, ಪೆನ್ನು ಎತ್ತುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಅಂಕ ಯಾರ ಕೈಗೆ ಹೋಗುತ್ತೆ? ಇದನ್ನು ಯಾರಿಗೆ ಹೋಲಿಸುತ್ತೀರಿ, ಬಾಸ್ಟನ್ನಿನ ಕಲಾ ವಿದ್ಯಾರ್ಥಿಗೋ, ಪಕ್ಕದ ಸೀಟಿನವನಿಗೋ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪಕ್ಕದ ಹೊಲದವರಿಗೆ ನೋಟಿಸ್ ಹೋಗಿದೆಯಾ? ಅಂದರೆ, ನನ್ನ ಮನಸ್ಸು ಅಳೆಯುವ ಈ ದಿನವೇ ನನಗೆ ಬಂದ ರಾತ್ರಿಯ ಕರೆಗಳು, ಹೋದ ಶನಿವಾರಗಳು, ಮ್ಯಾನೇಜರ್ ಕಳಿಸಿದ ಹನ್ನೊಂದು ಗಂಟೆಯ ಮೆಸೇಜುಗಳು, ಇವನ್ನೂ ಇದೇ ಮೇಜಿನ ಮೇಲೆ ಇಟ್ಟು ಅಳೆಯುತ್ತೀರಾ? ಅಳೆಯುತ್ತೇವೆ ಅಂದರೆ ಬರೆಯಿರಿ. ಇಲ್ಲ ಅಂದರೆ ಹಾಳೆಯನ್ನು ಖಾಲಿ ಬಿಟ್ಟು ಎದ್ದು ಬನ್ನಿ. ಖಾಲಿ ಹಾಳೆ ಕೊಟ್ಟ ತಪ್ಪಿಗೆ ಕೆಲಸ ಹೋಗುವುದಿಲ್ಲ. ಹೋದರೆ, ಆ ಕಂಪನಿಯ ಗಡಿ ಎಷ್ಟು ದಪ್ಪ ಅಂತ ನಿಮಗೆ ಫ್ರೀಯಾಗಿ ಗೊತ್ತಾಯಿತು.

ನನ್ನ ಕಥೆ ಮುಗಿಸಿಬಿಡುತ್ತೇನೆ. ಆ 41 ಕರೆಗಳ ಲಾಗ್ ಹಿಡಿದು ಮ್ಯಾನೇಜರ್ ಹತ್ತಿರ ಹೋದೆ. ರೋಟಾ ಬದಲಾಯಿತು. ಈಗ ಫೋನ್ ಎತ್ತದಿದ್ದರೆ ಕರೆ ಸೀದಾ ಲೀಡ್‌ಗೆ, ಅಂದ್ರೆ ನನಗೆ ಬರುತ್ತೆ. ಮೊದಲ ತಿಂಗಳು ಎಂಟು ಸಲ ಎದ್ದೆ. ಮೂರನೇ ವಾರ ಸಣ್ಣದಕ್ಕೆಲ್ಲ ರೇಗುತ್ತಿದ್ದೆ. ಒಂದು ಬೆಳಿಗ್ಗೆ ಮಗಳು ಹಾಲು ಚೆಲ್ಲಿದಳು ಅಂತ ಕೂಗಾಡಿ, ಆಮೇಲೆ ಬಚ್ಚಲಲ್ಲಿ ನಿಂತು ಅತ್ತೆ. 72ಕ್ಕೆ 31ರ ದಪ್ಪ ಗಡಿಯವನು.

ಫೀಡ್‌ಬ್ಯಾಕ್ ತಿದ್ದೋಣ ಅಂತ ಎಚ್‌ಆರ್‌ಗೆ ಬರೆದೆ. ಸೈಕಲ್ ಕ್ಲೋಸ್ ಆಗಿದೆ, ಈಗ ಎಡಿಟ್ ಮಾಡಲು ಬರುವುದಿಲ್ಲ ಅಂತ ಉತ್ತರ ಬಂತು. ಅವಳಿಗೆ ಇದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ‘ಪರವಾಗಿಲ್ಲ ಬಿಡಿ’ ಅಂದಳು. ಪರವಾಗಿಲ್ಲ ಅನ್ನುವ ದನಿಯಲ್ಲಿ ಹೇಳಲಿಲ್ಲ. ಮೂರು ತಿಂಗಳಿಗೆ ಬೇರೆ ಕಂಪನಿ ಸೇರಿದಳು. ನಾನು ಟೈಪ್ ಮಾಡಿದ ಆ ಸಾಲು ಮಾತ್ರ ಇವತ್ತಿಗೂ ಆ ಸಿಸ್ಟಮ್ಮಿನಲ್ಲಿ ಹಾಗೇ ಇದೆ, ಕೆಳಗೆ ನನ್ನ ಹೆಸರಿನ ಸಮೇತ.

ಅಪ್ಪನ ಹೊಲದ ಮಹಜರಿಗೆ ಎರಡೂ ಕಡೆಯವರ ಸಹಿ ಇತ್ತು. ಇದಕ್ಕೆ ನನ್ನದೊಂದೇ.